ಬೆಂಗಳೂರಿನ ಕೊಳದಿಂದ ಇಂಟರ್‌ನ್ಯಾಷನಲ್ ಲೇನ್‌ವರೆಗೆ: ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮುಂದೆ ಬರುವುದು ಹೇಗೆ

ಮೊದಲು ಮಗುವಿನ ಪಾದ ನೋಡಿ. ಮೆಡಲ್, ಟೈಮಿಂಗ್, ಎತ್ತರ ಎಲ್ಲ ಆಮೇಲೆ.

ನೆಲದ ಮೇಲೆ ಕೂರಿಸಿ ಕಾಲು ಚಾಚಲು ಹೇಳಿ. ಪಾದವನ್ನು ತನ್ನ ಕಡೆಗೆ ಎಳೆದುಕೊಂಡು, ಹಾಗೇ ಬೆರಳುಗಳನ್ನು ಹೊರಗೆ ತಿರುಗಿಸಲಿ. ಕೆಲವು ಮಕ್ಕಳ ಪಾದ ಹತ್ತು ಗಂಟೆ ಹತ್ತು ನಿಮಿಷದ ಮುಳ್ಳುಗಳ ಹಾಗೆ ಸಲೀಸಾಗಿ ತೆರೆದುಕೊಳ್ಳುತ್ತದೆ. ಇನ್ನು ಕೆಲವರಿಗೆ ಎಷ್ಟು ಒದ್ದಾಡಿದರೂ ನೆಟ್ಟಗೇ ನಿಲ್ಲುತ್ತದೆ. ಮೊದಲನೆಯ ಗುಂಪಿನ ಮಗುವಿಗೆ ಬ್ರೆಸ್ಟ್‌ಸ್ಟ್ರೋಕ್, ಅಂದರೆ ಕಪ್ಪೆಯ ಹಾಗೆ ಈಜುವ ಶೈಲಿಯ ಕಿಕ್ ಹುಟ್ಟಿನಿಂದಲೇ ಅರ್ಧ ಬಂದಿರುತ್ತದೆ. ಫ್ರೀಸ್ಟೈಲ್‌ನಲ್ಲಿ ಯಾವಾಗಲೂ ಕೊನೆಗೆ ಬರುವ ಹುಡುಗಿ, ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿಯುವ ತೇಲುವ ಹಲಗೆ) ಕೊಟ್ಟು ಕಪ್ಪೆ ತರ ಕಾಲು ಹೊಡಿ ಅಂದ ತಕ್ಷಣ ಇಡೀ ಬ್ಯಾಚನ್ನು ಹಿಂದೆ ಹಾಕಿ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎರಡನೆಯ ಗುಂಪಿನವರಿಗೆ ಬಾಗಿಲು ಮುಚ್ಚಿಲ್ಲ, ಕಣಕಾಲು ಮತ್ತು ಸೊಂಟ ಸಡಿಲ ಮಾಡುವ ವ್ಯಾಯಾಮ ವರ್ಷಗಟ್ಟಲೆ ಮಾಡಬೇಕು ಅಷ್ಟೇ.

ನಾನು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜುತ್ತಿದ್ದೆ, ಸ್ಟೇಟ್ ದಾಟಿ ನ್ಯಾಷನಲ್ಸ್‌ವರೆಗೆ ಹೋಗಿದ್ದೆ. ಈಗ ದಕ್ಷಿಣ ಬೆಂಗಳೂರಿನಲ್ಲಿ ಬೆಳಗ್ಗೆ ಮಕ್ಕಳಿಗೆ ಕಲಿಸುತ್ತೇನೆ. ಪೂಲ್ ಗೇಟ್ ಹತ್ತಿರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ: "ನಮ್ಮ ಮಗು ಇಂಟರ್‌ನ್ಯಾಷನಲ್ ಆಗೋಕೆ ಏನು ಮಾಡಬೇಕು?" ನಿಂತ ನಿಲುವಿನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಹೇಳುವುದರಲ್ಲಿ ಹೆಚ್ಚಿನದು ಒಂದೇ ಮಾತಿನ ಸುತ್ತ ಇದೆ: ಈ ಸ್ಟ್ರೋಕ್ ಅವಸರ ಮಾಡಿದವರಿಗೆ ಒಲಿಯುವುದಿಲ್ಲ. ನೀರಿನಲ್ಲೂ ಅಷ್ಟೇ, ಕೆರಿಯರ್‌ನಲ್ಲೂ ಅಷ್ಟೇ.

ಸ್ಟ್ರೋಕ್ ಕಲಿಸುವುದು

ಈಜಿನ ನಾಲ್ಕು ಶೈಲಿಗಳಲ್ಲಿ, ಅಂದರೆ ಸ್ಟ್ರೋಕ್‌ಗಳಲ್ಲಿ, ಬ್ರೆಸ್ಟ್‌ಸ್ಟ್ರೋಕೇ ನಿಧಾನ. ಕಾರಣ ಸುಲಭ. ಕೈ ಮುಂದಕ್ಕೆ ಹೋಗುವಾಗಲೂ ಮೊಣಕೈ ನೀರೊಳಗೇ ಇರಬೇಕು, ಕಿಕ್ ಹೊಡೆಯಲು ಮೊಣಕಾಲು ಮಡಚಿದಾಗ ತೊಡೆ ಎದುರಿನ ನೀರಿಗೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಪ್ರತಿ ಸ್ಟ್ರೋಕ್‌ನಲ್ಲೂ ವೇಗ ಒಮ್ಮೆ ಏರಿ ಒಮ್ಮೆ ಬಿದ್ದೇ ಬೀಳುತ್ತದೆ. ಸಿಲ್ಕ್ ಬೋರ್ಡ್ ಕಡೆ ಹೋಗುವ ಬಸ್ಸು ಸಿಗ್ನಲ್ ಸಿಗ್ನಲ್‌ಗೂ ನಿಂತು ಹೊರಟ ಹಾಗೆ. ಒಳ್ಳೆಯ ಬ್ರೆಸ್ಟ್‌ಸ್ಟ್ರೋಕರ್ ಅಂದರೆ ಆ ನಿಲ್ಲುವ ಹೊತ್ತನ್ನು ಆದಷ್ಟು ಚಿಕ್ಕದು ಮಾಡಿಕೊಂಡವರು.

ಮಕ್ಕಳು ಇದನ್ನು ತಪ್ಪಾಗಿ ತಿಳಿದುಕೊಳ್ಳುತ್ತಾರೆ. ಸ್ಪೀಡ್ ಬೇಕು ಅಂದರೆ ಕೈ ಬೇಗ ಬೇಗ ತಿರುಗಿಸುತ್ತಾರೆ. ಕೈ ಅಗಲಕ್ಕೆ ಹೋಗಿ ಎದೆ ದಾಟಿ ಹೊಟ್ಟೆವರೆಗೂ ಬರುತ್ತದೆ, ತಲೆ ಮೇಲಕ್ಕೆ ಎದ್ದು ಸೊಂಟ ಕೆಳಗೆ ಬೀಳುತ್ತದೆ, ನೀರು ಚೆಲ್ಲಾಡಿ ನೋಡುವವರಿಗೆ ಭಾರಿ ಜೋರು ಅನ್ನಿಸುತ್ತದೆ, ಮಗು ಮಾತ್ರ ಮುಂದೆ ಹೋಗಿರುವುದಿಲ್ಲ. ಬೇರೆ ಸ್ಟ್ರೋಕ್‌ಗಳಲ್ಲಿ ಕೈ ಯಜಮಾನ. ಇಲ್ಲಿ ಕಾಲಿನ ಪಾಲು ದೊಡ್ಡದು. ಕೈ ಎಳೆಯುವುದು, ಉಸಿರು ತೆಗೆದುಕೊಳ್ಳುವುದು, ಕೈ ಮುಂದೆ ಚಾಚುವಾಗಲೇ ಕಿಕ್ ಹೊಡೆಯುವುದು, ಆಮೇಲೆ ಬಾಣದ ಹಾಗೆ ಉದ್ದಕ್ಕೆ ಜಾರುವುದು. ಈ ಜಾರುವುದಕ್ಕೇ ಗ್ಲೈಡ್ ಅನ್ನುವುದು. ಅಲ್ಲಿ ಸುಮ್ನೆ ಇರಲು ಕಲಿಸುವುದೇ ಮಕ್ಕಳಿಗೆ ಕಷ್ಟ.

ನಾನು ಮಾಡಿಸುವ ಡ್ರಿಲ್‌ಗಳು ಬಹಳ ಹಳೆಯವು, ಎಲ್ಲ ಕಡೆ ಮಾಡಿಸುತ್ತಾರೆ. ಒಂದು ಪುಲ್‌ಗೆ (ಕೈ ಎಳೆತಕ್ಕೆ) ಎರಡು ಕಿಕ್. ಎರಡೂ ಕೈ ಹಿಂದೆ ಸೊಂಟದ ಹತ್ತಿರ ಇಟ್ಟುಕೊಂಡು, ಹಿಮ್ಮಡಿ ಬೆರಳ ತುದಿಗೆ ತಾಕುವವರೆಗೆ ಮಡಚಿ ಕಿಕ್. ಅಂಗಾತ ಮಲಗಿ ಕಿಕ್, ಇದರಲ್ಲಿ ಮೊಣಕಾಲು ನೀರಿನಿಂದ ಹೊರಗೆ ಬಂದರೆ ತೊಡೆ ಜಾಸ್ತಿ ಮಡಚುತ್ತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ. ಕಿಕ್‌ಬೋರ್ಡ್ ಮೇಲೆ ಒರಗಿಕೊಂಡು ಕಿಲೋಮೀಟರ್‌ಗಟ್ಟಲೆ ಒದೆಯುವುದಕ್ಕಿಂತ ಬೋರ್ಡ್ ಇಲ್ಲದೆ ಸ್ಟ್ರೀಮ್‌ಲೈನ್‌ನಲ್ಲಿ, ಅಂದರೆ ಮೈ ಬಾಣದ ಹಾಗೆ ಉದ್ದಕ್ಕೆ ಚಾಚಿಕೊಂಡು, ಸ್ವಲ್ಪವೇ ಮಾಡಿಸುವುದು ನನಗೆ ಇಷ್ಟ, ಯಾಕೆಂದರೆ ರೇಸ್‌ನಲ್ಲಿ ಬೋರ್ಡ್ ಇರುವುದಿಲ್ಲ.

ಇನ್ನೊಂದು, ನೋಟ್‌ಬುಕ್. ಎಲ್ಲ ಅಪ್ಪ ಅಮ್ಮಂದಿರೂ ಟೈಮ್ ಬರೆದಿಡುತ್ತಾರೆ, ಸ್ಟ್ರೋಕ್ (ಒಂದು ಪುಲ್, ಒಂದು ಕಿಕ್ ಸೇರಿದರೆ ಒಂದು) ಎಣಿಸುವವರು ಕಡಿಮೆ. ಎರಡೂ ಬರೆಯಿರಿ. ನಿಮ್ಮ ಹನ್ನೆರಡು ವರ್ಷದ ಮಗು 50 ಮೀಟರನ್ನು 42 ಸೆಕೆಂಡ್‌ನಲ್ಲಿ, 28 ಸ್ಟ್ರೋಕ್‌ನಲ್ಲಿ ಈಜಿತು ಅಂದುಕೊಳ್ಳಿ. ಮುಂದಿನ ತಿಂಗಳು 41 ಸೆಕೆಂಡ್ ಬಂದು ಸ್ಟ್ರೋಕ್ 33 ಆಗಿದ್ದರೆ ಖುಷಿಪಡಬೇಡಿ, ಅದು ಕೈ ಬೇಗ ಬೇಗ ತಿರುಗಿಸಿದ್ದರಿಂದ ಬಂದ ಟೈಮ್, ಒಂದು ವರ್ಷದಲ್ಲಿ ನಿಂತುಹೋಗುತ್ತದೆ. ಟೈಮ್ 42ರಲ್ಲೇ ಇದ್ದು ಸ್ಟ್ರೋಕ್ 25ಕ್ಕೆ ಇಳಿದಿದ್ದರೆ ಮನೆಗೆ ಹೋಗಿ ಪಾಯಸ ಮಾಡಿ. ಮುಂದೆ ಸ್ಪ್ರಿಂಟ್‌ಗೆ ಬಂದಾಗ ಕೈಕಾಲು ಬೇಗ ಆಡಿಸಲೇಬೇಕು, ನಿಜ. ವಿಶ್ವದಾಖಲೆಯ ಬ್ರೆಸ್ಟ್‌ಸ್ಟ್ರೋಕರ್, ಬ್ರಿಟನ್ನಿನ ಆಡಮ್ ಪೀಟಿ ಈಜುವುದನ್ನು ನೋಡಿದವರಿಗೆ ಗೊತ್ತು, ಆತನ ಸ್ಟ್ರೋಕ್ ಯಂತ್ರದ ಹಾಗೆ ಓಡುತ್ತದೆ. ಆದರೆ ಪ್ರತಿ ಸ್ಟ್ರೋಕ್‌ನಲ್ಲೂ ನೀರು ಹಿಡಿದು ಆಮೇಲೆ ಬೇಗ ಮಾಡುವುದು ಬೇರೆ, ಹಿಡಿಯದೇ ಬೇಗ ಮಾಡುವುದು ಬೇರೆ.

ರೂಲ್ಸ್ ಬಾಯಿಪಾಠ ಆಗಬೇಕು

ಡಿಸ್‌ಕ್ವಾಲಿಫೈ ಆಗುವ ಭಯ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಇರುವಷ್ಟು ಫ್ರೀಸ್ಟೈಲ್‌ನಲ್ಲಿ ಇಲ್ಲ. ನನಗೆ ಹದಿಮೂರು ವರ್ಷ ಇದ್ದಾಗ ಒಂದು ಮೀಟ್‌ನಲ್ಲಿ ಮೊದಲು ಬಂದು ಗೋಡೆ ಮುಟ್ಟಿದ್ದೆ. ನೀರಿನಿಂದ ಎದ್ದು ಅಮ್ಮನ ಕಡೆ ಕೈ ಬೀಸಿದೆ. ಹತ್ತು ನಿಮಿಷದ ಮೇಲೆ ಬೋರ್ಡ್‌ನಲ್ಲಿ ನನ್ನ ಹೆಸರಿನ ಮುಂದೆ ಡಿಕ್ಯೂ, ಅಂದರೆ ಡಿಸ್‌ಕ್ವಾಲಿಫೈ. ಗೋಡೆ ಮುಟ್ಟಿ ತಿರುಗುವ ಟರ್ನ್‌ನಲ್ಲಿ ಬಲಗೈ ಮೊದಲು, ಎಡಗೈ ಆಮೇಲೆ ಮುಟ್ಟಿತ್ತು. ಆ ದಿನ ಬಸ್ಸಿನಲ್ಲಿ ವಾಪಸ್ ಬರುವಾಗ ಅಮ್ಮ ಒಂದು ಮಾತೂ ಆಡಲಿಲ್ಲ, ತಿಂಡಿ ಡಬ್ಬಿ ಮಾತ್ರ ಕೈಗೆ ಕೊಟ್ಟರು.

ಎರಡೂ ಕೈ ಒಂದೇ ಸಲ, ಒಂದರ ಮೇಲೊಂದು ಇಲ್ಲದೆ ಗೋಡೆ ಮುಟ್ಟಬೇಕು. ಟರ್ನ್‌ನಲ್ಲೂ, ಫಿನಿಷ್‌ನಲ್ಲೂ. ಒಂದು ಪುಲ್, ಒಂದು ಕಿಕ್, ಅದೇ ಕ್ರಮದಲ್ಲಿ. ಪ್ರತಿ ಸುತ್ತಿನಲ್ಲೂ ತಲೆ ನೀರಿನ ಮೇಲೆ ಬರಲೇಬೇಕು. ಕೈ ಸೊಂಟದ ಗೆರೆ ದಾಟಿ ಹಿಂದೆ ಹೋಗಬಾರದು, ಸ್ಟಾರ್ಟ್ ಮತ್ತು ಟರ್ನ್ ಆದ ಮೇಲಿನ ಮೊದಲ ಪುಲ್ ಬಿಟ್ಟು. ಆ ಮೊದಲ ಪುಲ್‌ಗೇ ಪುಲ್‌ಔಟ್ ಅನ್ನುತ್ತಾರೆ: ನೀರೊಳಗೆ ಕೈಯನ್ನು ತೊಡೆವರೆಗೂ ಎಳೆಯಬಹುದು, ಮೊದಲ ಬ್ರೆಸ್ಟ್‌ಸ್ಟ್ರೋಕ್ ಕಿಕ್‌ಗೂ ಮೊದಲು ಒಂದೇ ಒಂದು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಮೀನಿನ ಬಾಲದ ಹಾಗೆ) ಹೊಡೆಯಬಹುದು. ಎರಡು ಹೊಡೆದರೆ ಹೋಯಿತು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತ ಮಕ್ಕಳು ಕೇಳುತ್ತಾರೆ, ಕೇಳಬೇಕು ಕೂಡ. ಈ ಸ್ಟ್ರೋಕ್‌ನಲ್ಲಿ ಜಾಣರು ಯಾವಾಗಲೂ ಸಂದು ಹುಡುಕಿದ್ದಾರೆ. 1930ರ ದಶಕದಲ್ಲಿ ಕೆಲವರು ಕೈಯನ್ನು ನೀರಿನ ಮೇಲಿಂದ ಹಾರಿಸಿ ತರಲು ಶುರು ಮಾಡಿದರು, ಅದೇ ಬೆಳೆದು 1952ರ ಹೊತ್ತಿಗೆ ಬಟರ್‌ಫ್ಲೈ ಅನ್ನುವ ಬೇರೆ ಸ್ಟ್ರೋಕ್ ಆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಸಾರು ಫುರುಕಾವಾ ರೇಸ್‌ನ ಹೆಚ್ಚಿನ ಭಾಗ ನೀರೊಳಗೇ ಈಜಿ 200 ಮೀಟರ್ ಗೆದ್ದರು, ಆಮೇಲೆ ಅದಕ್ಕೂ ಕಡಿವಾಣ ಬಿತ್ತು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಕೊಸುಕೆ ಕಿತಾಜಿಮಾ 100 ಮೀಟರ್ ಗೆದ್ದಾಗ, ಆಗ ಅನುಮತಿ ಇಲ್ಲದಿದ್ದ ಡಾಲ್ಫಿನ್ ಕಿಕ್ ಹೊಡೆದರು ಅಂತ ದೊಡ್ಡ ಗಲಾಟೆ ಆಯಿತು. ಮಾರನೆಯ ವರ್ಷ ಒಂದು ಡಾಲ್ಫಿನ್ ಕಿಕ್‌ಗೆ ಅನುಮತಿ ಸಿಕ್ಕಿತು. ಕಿತಾಜಿಮಾ ಅಥೆನ್ಸ್‌ನಲ್ಲೂ ಬೀಜಿಂಗ್‌ನಲ್ಲೂ 100, 200 ಎರಡೂ ಗೆದ್ದವರು. ಈ ಕತೆಗಳನ್ನು ಹೇಳಿದರೆ ಮಕ್ಕಳಿಗೆ ರೂಲ್ಸ್ ಎಂದೂ ಮರೆಯುವುದಿಲ್ಲ.

ಪುಲ್‌ಔಟ್ ಬಗ್ಗೆ ಇನ್ನೊಂದು ಮಾತು. 25 ಮೀಟರ್ ಕೊಳದಲ್ಲಿ 100 ಮೀಟರ್‌ಗೆ ಮೂರು ಟರ್ನ್, 50 ಮೀಟರ್ ಕೊಳದಲ್ಲಿ ಒಂದೇ. ಪ್ರತಿ ಟರ್ನ್‌ನಲ್ಲೂ ಗೋಡೆಯ ತಳ್ಳು ಮತ್ತು ಪುಲ್‌ಔಟ್ ಸಿಗುವುದರಿಂದ ಚಿಕ್ಕ ಕೊಳದ ಟೈಮ್ ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಎರಡನ್ನೂ ಹೋಲಿಸಿ ಮಗುವನ್ನು ಬೈಯಬೇಡಿ.

ಮೊಣಕಾಲು

ಇದನ್ನು ನಿಧಾನವಾಗಿ ಓದಿ.

ಬ್ರೆಸ್ಟ್‌ಸ್ಟ್ರೋಕ್ ಕಿಕ್‌ನಲ್ಲಿ ಕಾಲು ಹೊರಗೆ ತಿರುಗಿ ಒಳಗೆ ಬಡಿಯುತ್ತದೆ. ನಮ್ಮ ಮೊಣಕಾಲು ಮುಖ್ಯವಾಗಿ ಬಾಗಿಲಿನ ಕೀಲಿನ ಹಾಗೆ ಹಿಂದೆ ಮುಂದೆ ಆಡುವುದಕ್ಕೆ ಇರುವುದು. ಪಕ್ಕದ ತಿರುಚು ಸಾವಿರಾರು ಸಲ ಬಿದ್ದರೆ ಮೊಣಕಾಲಿನ ಒಳಬದಿಯ ಕಟ್ಟು (ಲಿಗಮೆಂಟ್) ನೋಯತೊಡಗುತ್ತದೆ. ಈಜು ಲೋಕದಲ್ಲಿ ಇದಕ್ಕೆ ಬ್ರೆಸ್ಟ್‌ಸ್ಟ್ರೋಕರ್ಸ್ ನೀ ಅಂತಲೇ ಹೆಸರಿದೆ.

ನನಗೆ ಹದಿನಾರು. ಆಗಿನ ಕೋಚ್‌ಗೆ ನನ್ನ ಕಿಕ್ ಮೇಲೆ ಬಹಳ ನಂಬಿಕೆ, ನ್ಯಾಷನಲ್ಸ್ ಹತ್ತಿರ ಬಂತು ಅಂತ ಕಿಕ್ ಸೆಟ್‌ಗಳನ್ನು ಒಂದೇ ವಾರದಲ್ಲಿ ಎರಡು ಪಟ್ಟು ಮಾಡಿಸಿದರು. ಮೂರನೇ ದಿನ ಒಳಗಡೆ ಚುಚ್ಚಿದ ಹಾಗಾಯಿತು. ಹೇಳಲಿಲ್ಲ. ಹೇಳಿದರೆ ಟೀಮಿಂದ ಬಿಡುತ್ತಾರೆ ಅನ್ನುವ ಭಯ. ಇನ್ನೂ ಮೂರು ವಾರ ಹಾಗೇ ಈಜಿದೆ, ಕೊನೆಗೆ ನ್ಯಾಷನಲ್ಸ್‌ಗೆ ಹೋಗುವುದಿರಲಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವ ಹಾಗಾಯಿತು. ಎಂಟು ತಿಂಗಳು ಹೋಯಿತು. ಆ ಎಂಟು ತಿಂಗಳಲ್ಲಿ ಹೋದ ಲಯ ಆಮೇಲೆ ಪೂರ್ತಿ ಬರಲೇ ಇಲ್ಲ.

ಹಾಗಾಗಿ ನನ್ನ ಬ್ಯಾಚಿನಲ್ಲಿ ಕಿಕ್ ಪ್ರಮಾಣ ಸ್ವಲ್ಪ ಸ್ವಲ್ಪವಾಗಿ ಮಾತ್ರ ಏರುತ್ತದೆ. ನೀರಿಗಿಳಿಯುವ ಮೊದಲು ಸೊಂಟ ಮತ್ತು ತೊಡೆಯ ಒಳಭಾಗ ಬಿಸಿ ಮಾಡಿಕೊಳ್ಳದೆ ಕಿಕ್ ಇಲ್ಲ. ಕಿಕ್‌ನಲ್ಲಿ ಮೊಣಕಾಲು ಭುಜಕ್ಕಿಂತ ಅಗಲಕ್ಕೆ ಹೋಗಬಾರದು. ಡ್ರೈಲ್ಯಾಂಡ್‌ನಲ್ಲಿ, ಅಂದರೆ ನೀರಿನ ಹೊರಗಿನ ವ್ಯಾಯಾಮದಲ್ಲಿ, ಪೃಷ್ಠ ಮತ್ತು ತೊಡೆ ಗಟ್ಟಿ ಮಾಡುವ ಸ್ಕ್ವಾಟ್, ಬ್ರಿಡ್ಜ್ ಇರಲೇಬೇಕು. ಮಗು ನೋವು ಅಂದ ದಿನ ಕಾಲಿನ ಮಧ್ಯೆ ಪುಲ್‌ಬಾಯ್ (ಕಾಲು ತೇಲಿಸುವ ಫೋಮ್ ತುಂಡು) ಕೊಟ್ಟು ಬರೀ ಕೈ ಈಜಿಸಿ, ಒಂದು ವಾರದಲ್ಲಿ ಹೋಗದಿದ್ದರೆ ಕ್ರೀಡಾ ಗಾಯ ನೋಡುವ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮುಖ್ಯವಾಗಿ, ನೋವು ಅಂತ ಹೇಳಿದ್ದಕ್ಕೆ ಮಗುವಿಗೆ ಶಿಕ್ಷೆ ಆಗದ ಜಾಗ ಹುಡುಕಿ. ಕ್ಲಬ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ಯಾವ ಕೊಳ, ಯಾವ ಕ್ಲಬ್

ನಮ್ಮ ಅಜ್ಜಿಯ ಊರಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು, ಈಜು ಬರುತ್ತಿತ್ತು. ಬದುಕಲು ಅಷ್ಟು ಸಾಕು. ಸ್ಪರ್ಧೆಗೆ ಅಳತೆಯ ಕೊಳ ಬೇಕು. ಅಪಾರ್ಟ್‌ಮೆಂಟ್‌ನ ಡೊಂಕು ಅಂಚಿನ ಪೂಲ್ ನೀರಿನ ಭಯ ಬಿಡಿಸುವುದಕ್ಕೆ ಸರಿ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಬೆಂಗಳೂರಿನ ಅದೃಷ್ಟ ಏನೆಂದರೆ ಇಲ್ಲಿ ಈಜಿನ ಸಂಸ್ಕೃತಿ ಗಟ್ಟಿಯಾಗಿದೆ. ಬಸವನಗುಡಿ ಅಕ್ವಾಟಿಕ್ ಸೆಂಟರ್, ಡಾಲ್ಫಿನ್ ಅಕ್ವಾಟಿಕ್ಸ್, ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳ, ಯಲಹಂಕ ಕಡೆಯ ಪಡುಕೋಣೆ-ದ್ರಾವಿಡ್ ಸೆಂಟರ್, ಹೀಗೆ ಹೆಸರುಗಳಿವೆ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, 2004ರ ಅಥೆನ್ಸ್‌ಗೆ ಹೋದ ಶಿಖಾ ಟಂಡನ್, ಬೀಜಿಂಗ್‌ನ ರೆಹಾನ್ ಪೂಂಚಾ, ಲಂಡನ್‌ನ ಗಗನ್ ಉಳ್ಳಾಲಮಠ, ಟೋಕಿಯೋ ಮತ್ತು ಪ್ಯಾರಿಸ್‌ಗೆ ಹೋದ ಶ್ರೀಹರಿ ನಟರಾಜ್, 14ನೇ ವಯಸ್ಸಿಗೇ ಪ್ಯಾರಿಸ್‌ನಲ್ಲಿ ಈಜಿದ ಧಿನಿಧಿ ದೇಸಿಂಗು, ಎಲ್ಲ ಈ ಊರಿನವರೇ. ಗಮನಿಸಿದಿರಾ, ಇವರಲ್ಲಿ ಯಾರೂ ಒಲಿಂಪಿಕ್ಸ್‌ಗೆ ಹೋಗಿದ್ದು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಅಲ್ಲ. ನನಗೆ ಅದು ಒಳಗೊಳಗೇ ಕಾಡುವ ವಿಷಯ.

ಆದರೆ ದೇಶದ ಬ್ರೆಸ್ಟ್‌ಸ್ಟ್ರೋಕ್‌ನ ದೊಡ್ಡ ನೆನಪಿಗೆ ಬೆಂಗಳೂರಿನ ನಂಟಿದೆ. ದೆಹಲಿಯ ಸಂದೀಪ್ ಸೇಜ್ವಾಲ್ ಇಲ್ಲಿಗೆ ಬಂದು ಕೋಚ್ ನಿಹಾರ್ ಅಮೀನ್ ಅವರ ಹತ್ತಿರ ತರಬೇತಿ ಪಡೆದವರು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 100 ಮತ್ತು 200 ಈಜಿದರು. ಏಷ್ಯನ್ ಗೇಮ್ಸ್ ಮೆಡಲ್ ಬಂದಿದ್ದು ಅದಾಗಿ ಆರು ವರ್ಷಕ್ಕೆ, 2014ರ ಇಂಚಿಯಾನ್‌ನಲ್ಲಿ, 50 ಮೀಟರ್‌ನಲ್ಲಿ, 28.26 ಸೆಕೆಂಡ್‌ಗೆ ಕಂಚು. ಆ ಆರು ವರ್ಷ ನೆನಪಿಟ್ಟುಕೊಳ್ಳಿ. ಹನ್ನೊಂದನೇ ವಯಸ್ಸಿಗೆ ಸ್ಟೇಟ್ ಮೆಡಲ್ ಬರಲಿಲ್ಲ ಅಂತ ಅಳುವ ಅಪ್ಪ ಅಮ್ಮಂದಿರಿಗೆ ನಾನು ಇದನ್ನೇ ಹೇಳುವುದು.

ಹೆಸರು ನೋಡಿ ಊರಾಚೆಯ ಕ್ಲಬ್‌ಗೆ ಸೇರಿಸಬೇಕಾ? ಹದಿಮೂರರವರೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮನೆಯಿಂದ ಇಪ್ಪತ್ತು ನಿಮಿಷದೊಳಗೆ ಒಳ್ಳೆಯ ಕೋಚ್ ಇದ್ದರೆ ಅಲ್ಲೇ ಇರಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಐದೂಕಾಲಿಗೆ ನೀರಿಗಿಳಿಯುವ ಮಗುವಿಗೆ ಟ್ರಾಫಿಕ್‌ನಲ್ಲಿ ಹೋಗುವ ಒಂದೊಂದು ಗಂಟೆಯೂ ನಿದ್ದೆಯಿಂದ ಕಿತ್ತುಕೊಂಡದ್ದೇ. ಬೆಳೆಯುವ ಮೈಗೆ ನಿದ್ದೆಗಿಂತ ದೊಡ್ಡ ಕೋಚ್ ಇಲ್ಲ. ಕೊಳದ ನೀರು ಎಷ್ಟು ಬೆಚ್ಚಗಿದೆ ಅಂತಲೂ ಕೇಳಿ. ದೊಡ್ಡ ಸ್ಪರ್ಧೆಗಳಲ್ಲಿ 25ರಿಂದ 28 ಡಿಗ್ರಿ ಇರಬೇಕು. ಡಿಸೆಂಬರ್, ಜನವರಿಯಲ್ಲಿ ನಮ್ಮ ಬಯಲು ಕೊಳಗಳು ಇದಕ್ಕಿಂತ ತಣ್ಣಗಿರುತ್ತವೆ, ತಣ್ಣಗಿನ ಸ್ನಾಯುವಿನ ಮೇಲೆ ಜೋರು ಕಿಕ್ ಬಿದ್ದರೆ ಮೊಣಕಾಲಿಗೇ ಪೆಟ್ಟು.

ಮೆಟ್ಟಿಲುಗಳು

ಕರ್ನಾಟಕ ಈಜು ಸಂಸ್ಥೆಯ ಮಾನ್ಯತೆ ಇರುವ ಕ್ಲಬ್ ಮೂಲಕ ಸ್ಟೇಟ್ ಮೀಟ್‌ಗೆ ಹೋಗಬೇಕು. ದೇಶದ ಮಟ್ಟದಲ್ಲಿ ಭಾರತೀಯ ಈಜು ಫೆಡರೇಷನ್ನಿನ ರಿಜಿಸ್ಟ್ರೇಷನ್ ಬೇಕು. ಜನನ ಪ್ರಮಾಣಪತ್ರ ಸರಿಯಾಗಿರಲಿ, ವಯಸ್ಸು ಕಡಿಮೆ ತೋರಿಸುವ ಯೋಚನೆ ಕನಸಲ್ಲೂ ಬೇಡ. ಸ್ಟೇಟ್, ಸಬ್ ಜೂನಿಯರ್ ಮತ್ತು ಜೂನಿಯರ್ ನ್ಯಾಷನಲ್ಸ್, ಸೀನಿಯರ್ ನ್ಯಾಷನಲ್ಸ್, ಅಲ್ಲಿಂದ ಏಷ್ಯನ್ ಏಜ್ ಗ್ರೂಪ್, ಕಾಮನ್‌ವೆಲ್ತ್, ಏಷ್ಯನ್ ಗೇಮ್ಸ್, ವಿಶ್ವ ಚಾಂಪಿಯನ್‌ಶಿಪ್, ಒಲಿಂಪಿಕ್ಸ್. ಬರೆಯಲು ಒಂದು ಸಾಲು, ಹತ್ತಲು ಹತ್ತು ವರ್ಷ.

ಒಲಿಂಪಿಕ್ಸ್‌ಗೆ ಹೋಗಲು ದಾರಿ ಗಡಿಯಾರದಲ್ಲೇ ಇದೆ. ನೇರ ಅರ್ಹತೆಯ ಟೈಮ್‌ಗೆ ಎ ಕಟ್ ಅನ್ನುತ್ತಾರೆ. ಭಾರತದವರಲ್ಲಿ ಅದನ್ನು ಮೊದಲು ದಾಟಿದ್ದು ಸಾಜನ್ ಪ್ರಕಾಶ್, 2021ರಲ್ಲಿ ರೋಮ್‌ನಲ್ಲಿ, 200 ಮೀಟರ್ ಬಟರ್‌ಫ್ಲೈನಲ್ಲಿ. ಅದರ ಬೆನ್ನಲ್ಲೇ ನಮ್ಮ ಶ್ರೀಹರಿ. ಅದು ಸಿಗದಿದ್ದರೆ ಯುನಿವರ್ಸಾಲಿಟಿ ಕೋಟಾ (ಎ ಕಟ್ ದಾಟದ ದೇಶಗಳಿಗೂ ಮೀಸಲಿಟ್ಟ ಜಾಗ) ಇದೆ, ಪ್ಯಾರಿಸ್‌ಗೆ ಶ್ರೀಹರಿ, ಧಿನಿಧಿ ಇಬ್ಬರೂ ಹೋಗಿದ್ದು ಅದರಲ್ಲೇ. ಪ್ಯಾರಿಸ್‌ಗೆ ಪುರುಷರ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ ಎ ಕಟ್ 59.49 ಸೆಕೆಂಡ್, ಮಹಿಳೆಯರಿಗೆ 1 ನಿಮಿಷ 6.79 ಸೆಕೆಂಡ್. ಪುರುಷರ ವಿಶ್ವದಾಖಲೆ ಪೀಟಿಯದ್ದು, 56.88, 2019ರಲ್ಲಿ ಕೊರಿಯಾದ ಗ್ವಾಂಗ್ಜುವಿನಲ್ಲಿ. ಈ ಅಂಕಿಗಳನ್ನು ಮಗುವಿನ ರೂಮಿನ ಗೋಡೆಗೆ ಅಂಟಿಸಬೇಡಿ, ನಿಮ್ಮ ಡೈರಿಯಲ್ಲಿ ಬರೆದುಕೊಳ್ಳಿ. ಹದಿನಾಲ್ಕರ ಹುಡುಗನಿಗೆ ಬೇಕಾದದ್ದು ತನ್ನ ಹೋದ ತಿಂಗಳ ಟೈಮ್ ಮಾತ್ರ.

ಈಗ ಒಂದು ಸಂತೋಷದ ಸುದ್ದಿ. ಇಷ್ಟು ವರ್ಷ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. ಸಂದೀಪ್ ಅವರ ಮೆಡಲ್ ಬಂದ ಸ್ಪರ್ಧೆಗೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಇರಲಿಲ್ಲ, ಯೋಚಿಸಿ. 2028ರ ಲಾಸ್ ಏಂಜಲೀಸ್‌ನಿಂದ ಅದು ಸೇರುತ್ತಿದೆ. ಒಳ್ಳೆಯ ಸ್ಟಾರ್ಟ್, ಒಳ್ಳೆಯ ಪುಲ್‌ಔಟ್ ಇದ್ದು 200ಕ್ಕೆ ದಮ್ಮು ಸಾಲದ ಮಕ್ಕಳಿಗೆ ಇದು ಹೊಸ ಬಾಗಿಲು. ಆದರೂ ಹದಿನೈದರೊಳಗಿನವರಿಗೆ ನಾನು 200 ಈಜಿಸಿಯೇ ಈಜಿಸುತ್ತೇನೆ. 200ರಲ್ಲಿ ಕೊನೆಯ 50 ಮೀಟರ್ ಗ್ಲೈಡ್ ಉಳಿಸಿಕೊಂಡ ಮಗುವಿನ ಸ್ಟ್ರೋಕ್ ಎಂದೂ ಕೆಡುವುದಿಲ್ಲ.

ದುಡ್ಡಿನ ಮಾತು ಬಂತು ಅಂದರೆ, ಎಲ್ಲರೂ ಮೊದಲು ಕೇಳುವುದು ಟೆಕ್ ಸೂಟ್, ಅಂದರೆ ರೇಸ್‌ಗೆ ಹಾಕುವ ಬಿಗಿ ಈಜುಡುಗೆ. ಒಂದಕ್ಕೆ ಹತ್ತಾರು ಸಾವಿರ ಆಗುತ್ತದೆ, ಕೆಲವೇ ರೇಸ್‌ಗೆ ಅದರ ಬಿಗಿ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಖಂಡಿತ ಬೇಡ. ಆ ದುಡ್ಡಲ್ಲಿ ಫಿಸಿಯೋ ಹತ್ತಿರ ವರ್ಷಕ್ಕೆ ಎರಡು ಸಲ ಮೊಣಕಾಲು, ಸೊಂಟ ತೋರಿಸಿಕೊಂಡು ಬನ್ನಿ.

ಊಟಕ್ಕೆ ಡಬ್ಬದ ಪುಡಿ ಹುಡುಕುವ ಅಗತ್ಯ ಇಲ್ಲ. ಪ್ರಾಕ್ಟೀಸ್‌ಗೆ ಮೊದಲು ಬಾಳೆಹಣ್ಣು, ಮುಗಿದ ಅರ್ಧ ಗಂಟೆಯೊಳಗೆ ಇಡ್ಲಿ, ಮೊಟ್ಟೆ ಅಥವಾ ಹಾಲು ಹಾಕಿದ ರಾಗಿ ಗಂಜಿ, ಮಧ್ಯಾಹ್ನ ಹೊಟ್ಟೆ ತುಂಬ ಅನ್ನ, ಬೇಳೆ, ಮೊಸರು. ಹಸಿದುಕೊಂಡು ಸ್ಕೂಲ್ ಬಸ್ ಹತ್ತಬಾರದು ಅಷ್ಟೇ.

ಎಸ್ಸೆಸ್ಸೆಲ್ಸಿ, ಪಿಯುಸಿ ಅನ್ನುವ ಗೋಡೆ

ನಮ್ಮ ಕೊಳಗಳಲ್ಲಿ ಹದಿನೈದು, ಹದಿನಾರರ ಹೊತ್ತಿಗೆ ಲೇನ್‌ಗಳು ಖಾಲಿಯಾಗುತ್ತವೆ. ಟ್ಯಾಲೆಂಟ್ ಮುಗಿದು ಹೋಗುವುದಲ್ಲ, ಟ್ಯೂಷನ್ ಶುರುವಾಗುತ್ತದೆ. ಮೈ ಬಲಿತು ಕಿಕ್‌ಗೆ ನಿಜವಾದ ತಾಕತ್ತು ಬರುವ ವಯಸ್ಸೇ ಅದು, ಅಲ್ವಾ? ಪೀಟಿ ಮೊದಲ ದೊಡ್ಡ ಚಿನ್ನ ಗೆದ್ದಿದ್ದು 19ನೇ ವಯಸ್ಸಿನಲ್ಲಿ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ. ಎಸ್ಸೆಸ್ಸೆಲ್ಸಿಗೆ ಬಿಟ್ಟಿದ್ದರೆ ಅದು ಇರುತ್ತಿರಲಿಲ್ಲ.

ಇದಕ್ಕೆ ನನ್ನ ಹತ್ತಿರ ಮಂತ್ರ ಇಲ್ಲ, ಕೆಲಸ ಇದೆ. ಒಂಬತ್ತನೇ ತರಗತಿಯಲ್ಲೇ ಹೆಡ್‌ಮಾಸ್ಟರ್ ಹತ್ತಿರ ಕೂತು ಮೀಟ್ ಕ್ಯಾಲೆಂಡರ್ ತೋರಿಸಿ, ಹಾಜರಾತಿ ಬಗ್ಗೆ ಲಿಖಿತದಲ್ಲಿ ಒಪ್ಪಿಗೆ ಪಡೆಯಿರಿ. ಪಿಯುಗೆ ಕಾಲೇಜು ಆರಿಸುವಾಗ ರ‍್ಯಾಂಕ್ ಬೋರ್ಡ್ ನೋಡಿದ ಹಾಗೇ ಆಟಗಾರರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತಲೂ ವಿಚಾರಿಸಿ. ಪರೀಕ್ಷೆಯ ಎರಡು ತಿಂಗಳು ಪ್ರಾಕ್ಟೀಸ್ ಪೂರ್ತಿ ನಿಲ್ಲಿಸಬೇಡಿ, ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಇರಲಿ. ನೀರಿನ ಹಿಡಿತ ಬೇಗ ಹೋಗುತ್ತದೆ, ವಾಪಸ್ ಬರಲು ತಿಂಗಳುಗಳು ಬೇಕು.

ಡೋಪಿಂಗ್ ವಿಷಯ ಮೊದಲೇ ತಿಳಿದಿರಲಿ

ರೂಟಾ ಮೆಯ್ಲುಟಿಟೆ ಹೆಸರು ಕೇಳಿರಬಹುದು. ಲಿಥುವೇನಿಯಾದ ಹುಡುಗಿ, 2012ರ ಲಂಡನ್‌ನಲ್ಲಿ 15ನೇ ವಯಸ್ಸಿಗೆ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ. 2019ರಲ್ಲಿ ಎರಡು ವರ್ಷ ನಿಷೇಧ. ಅವರ ಮೈಯಲ್ಲಿ ನಿಷೇಧಿತ ಮದ್ದು ಸಿಕ್ಕಿದ್ದಕ್ಕಲ್ಲ. ದೊಡ್ಡ ಮಟ್ಟದ ಕ್ರೀಡಾಪಟುಗಳು ಪ್ರತಿದಿನ ಒಂದು ಗಂಟೆ ತಾವು ಡೋಪಿಂಗ್ ಪರೀಕ್ಷೆಗೆ ಎಲ್ಲಿ ಸಿಗುತ್ತೇವೆ ಅಂತ ಮೊದಲೇ ತಿಳಿಸಿರಬೇಕು, ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಅಪರಾಧ. ಅವರು ತಪ್ಪಿದ್ದರು.

ನಮ್ಮ ಮಕ್ಕಳಿಗೆ ಹೀಗೆ ಜಾಗ ತಿಳಿಸಬೇಕಾದವರ ಪಟ್ಟಿ ದೂರ ಇರಬಹುದು, ಆದರೆ ನ್ಯಾಷನಲ್ಸ್‌ನಲ್ಲೇ ನಾಡಾದವರು (ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆ) ಪರೀಕ್ಷೆ ಮಾಡಬಹುದು. ಕೆಮ್ಮಿನ ಸಿರಪ್, ಶೀತದ ಮಾತ್ರೆ, ಜಿಮ್ಮಿನ ಅಣ್ಣ ಕೊಟ್ಟ ಪುಡಿ, ಯಾವುದರಲ್ಲಿ ಏನಿದೆ ಅಂತ ನೋಡದೆ ಬಾಯಿಗೆ ಹಾಕಬಾರದು. ಡಾಕ್ಟರ್‌ಗೆ ಮೊದಲೇ ಹೇಳಿ, ಈ ಮಗು ಸ್ಪರ್ಧೆಯಲ್ಲಿ ಈಜುತ್ತದೆ ಅಂತ. ಚೀಟಿಗಳನ್ನು ಒಂದು ಫೈಲ್‌ನಲ್ಲಿ ಇಡಿ.

ರೂಟಾ ಕತೆ ಅಲ್ಲಿಗೆ ನಿಲ್ಲಲಿಲ್ಲ. ವಾಪಸ್ ಬಂದು 2022ರಲ್ಲಿ 50 ಮೀಟರ್ ವಿಶ್ವ ಚಾಂಪಿಯನ್ ಆದರು, 2023ರಲ್ಲಿ ಫುಕುವೋಕಾದಲ್ಲಿ 29.16 ಸೆಕೆಂಡ್‌ಗೆ ವಿಶ್ವದಾಖಲೆ ಮಾಡಿದರು. 26ನೇ ವಯಸ್ಸು. ಹದಿನೈದಕ್ಕೆ ಗೆದ್ದ ಹುಡುಗಿಗಿಂತ ಆ ಹೆಂಗಸನ್ನು ನೋಡಿ ನನಗೆ ಜಾಸ್ತಿ ಖುಷಿಯಾಯಿತು.

ಕೆಟ್ಟ ವರ್ಷಗಳು ಬರುತ್ತವೆ

ಪೀಟಿ ರಿಯೋ, ಟೋಕಿಯೋ ಎರಡರಲ್ಲೂ ಚಿನ್ನ ಗೆದ್ದ ಮನುಷ್ಯ. 2022ರಲ್ಲಿ ಕಾಲಿನ ಮೂಳೆ ಮುರಿಯಿತು, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನ 100 ಮೀಟರ್‌ನಲ್ಲಿ ನಾಲ್ಕನೆಯವರಾದರು. 2023ರಲ್ಲಿ ಮನಸ್ಸು ಸರಿಯಿಲ್ಲ ಅಂತ ಬಹಿರಂಗವಾಗಿ ಹೇಳಿ ಸ್ಪರ್ಧೆಯಿಂದ ದೂರ ಉಳಿದರು. ಪ್ಯಾರಿಸ್‌ಗೆ ಮರಳಿ ಬಂದು 59.05ಕ್ಕೆ ಬೆಳ್ಳಿ, ಅಮೆರಿಕದ ನಿಕ್ ಫಿಂಕ್ ಜೊತೆ ಹಂಚಿಕೊಂಡು. ಚಿನ್ನ ಇಟಲಿಯ ಮಾರ್ಟಿನೆಂಗಿಗೆ, 59.03. ವ್ಯತ್ಯಾಸ, ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು.

ನಿಮ್ಮ ಮಗುವಿಗೂ ಟೈಮ್ ಒಂದು ವರ್ಷ ಕದಲದೇ ನಿಲ್ಲಬಹುದು. ಹೆಣ್ಣುಮಕ್ಕಳಿಗೆ ಮೈ ಬದಲಾಗುವ ವಯಸ್ಸಿನಲ್ಲಿ ಇದು ತುಂಬ ಸಾಮಾನ್ಯ, ಸೊಂಟದ ಅಳತೆ ಬದಲಾದರೆ ಕಿಕ್ಕಿನ ಲಯವೇ ಬದಲಾಗುತ್ತದೆ, ಸ್ಟ್ರೋಕ್ ಹೊಸದಾಗಿ ಕಲಿತ ಹಾಗೆ ಆಗುತ್ತದೆ. ಆ ಹೊತ್ತಿಗೆ ತೂಕದ ಮಾತು ಎತ್ತುವ ಕೋಚ್ ಇದ್ದರೆ ಕ್ಲಬ್ ಬದಲಾಯಿಸಿ. ಕಾರಿನಲ್ಲಿ ವಾಪಸ್ ಬರುವಾಗ ರೇಸ್ ಬಗ್ಗೆ ಮಗು ಮಾತಾಡಿದರೆ ಮಾತಾಡಿ, ಇಲ್ಲದಿದ್ದರೆ ದೋಸೆ ಕೊಡಿಸಿ.

ಈಜು ಒಂದು ದಿನ ನಿಲ್ಲುತ್ತದೆ, ಅದನ್ನೂ ಹದಿನೆಂಟಕ್ಕೇ ಯೋಚಿಸಿಡಿ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾ ಇದೆ. ಅಮೆರಿಕದ ಕಾಲೇಜುಗಳಲ್ಲಿ ಈಜಿಗೆ ಸ್ಕಾಲರ್‌ಶಿಪ್ ಇದೆ, ಅದಕ್ಕೆ ಮಾರ್ಕ್ಸೂ ಬೇಕು. ನಿಶಾ ಮಿಲೆಟ್ ಇದೇ ಊರಿನಲ್ಲಿ ಅಕಾಡೆಮಿ ನಡೆಸಿ ಮಕ್ಕಳಿಗೆ ಈಜು ಕಲಿಸುತ್ತಿದ್ದಾರೆ. ಶಿಖಾ ಟಂಡನ್ ವಿಜ್ಞಾನ ಓದಿ ಅಮೆರಿಕದ ಡೋಪಿಂಗ್ ತಡೆ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ಈ ವಾರ ಮಾಡಬೇಕಾದ್ದು ಇಷ್ಟು. ಮೂಲೆ ಅಂಗಡಿಯಲ್ಲಿ ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ಕೊಳದ ಮೆಟ್ಟಿಲ ಮೇಲೆ ಕೂತು, ಫೋನ್ ಬ್ಯಾಗಿಗೆ ಹಾಕಿ, ಮಗು 50 ಮೀಟರ್ ಈಜುವಾಗ ತಲೆ ಎಷ್ಟು ಸಲ ಮೇಲೆ ಬಂತು ಅಂತ ಎಣಿಸಿ. ತಾರೀಖು, ಕೊಳದ ಉದ್ದ, ಸ್ಟ್ರೋಕ್, ಟೈಮ್, ಕೊನೆಗೆ ಮೊಣಕಾಲು ಹೇಗಿದೆ ಅಂತ ಮಗುವನ್ನೇ ಕೇಳಿ ಅದರ ಮಾತಿನಲ್ಲೇ ಬರೆಯಿರಿ.